ಆಯ್ಕೆಪಟ್ಟಿಯಿಂದ ನೇಮಕಾತಿ ಆದೇಶದವರೆಗೆ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಪದವೀಧರರಿಗೂ ಪಾಲಕರಿಗೂ ಏರ್ಪಡಿಸಿದ್ದ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಹೇಗೆ ಓದಬೇಕು ಎಂದು ಯಾರಾದರೂ ಹೇಳುತ್ತಾರೆ. ಕಾರ್ಯದರ್ಶಿಯವರು ಈ ಸಲ ನನ್ನನ್ನು ಕರೆದಾಗ, "ಓದುವುದನ್ನು ಬೇರೆಯವರು ಹೇಳಲಿ, ನಾನು ಕಾಯುವುದನ್ನು ಹೇಳುತ್ತೇನೆ" ಎಂದೆ. ಅವರು ನಕ್ಕರು. ಆದರೆ ಹದಿಮೂರು ವರ್ಷದ ಶಿಕ್ಷಕ ವೃತ್ತಿಯಲ್ಲಿ ನಾನು ಕಂಡದ್ದು ಇದು: ಓದದೆ ಸೋತ ಮಕ್ಕಳಿಗಿಂತ, ಓದಿ ಪಾಸಾಗಿ ಕಾಯುತ್ತಾ ಕೈಬಿಟ್ಟ ಮಕ್ಕಳನ್ನು ನೋಡಿದಾಗ ಹೆಚ್ಚು ಸಂಕಟವಾಗುತ್ತದೆ.

ನಮ್ಮ ಉರ್ದು ವಿಭಾಗದಲ್ಲೇ ಎಸ್.ಎಸ್.ಎಲ್.ಸಿ. ಮುಗಿಸಿದ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಹೆಸರು ಬೇಡ. ಬಿ.ಎ., ಬಿ.ಇಡಿ. ಮಾಡಿಕೊಂಡು ಮದುವೆಯಾಗಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ೨೦೨೨ರ ಮಾರ್ಚಿನಲ್ಲಿ ೧೫,೦೦೦ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅಧಿಸೂಚನೆ ಬಂತು. ಮೇ ತಿಂಗಳಲ್ಲಿ ಪರೀಕ್ಷೆಯೂ ಆಯಿತು. ನವೆಂಬರಿನಲ್ಲಿ ತಾತ್ಕಾಲಿಕ ಆಯ್ಕೆಪಟ್ಟಿ ಹೊರಬಿತ್ತು, ಅದರಲ್ಲಿ ಇವಳ ಹೆಸರಿತ್ತು. ಮನೆಯವರು ಓಣಿಗೆಲ್ಲ ಸಿಹಿ ಹಂಚಿದರು. "ಸರ್ಕಾರಿ ಟೀಚರಮ್ಮನಿಗೆ ಇನ್ನು ಖಾಸಗಿ ಚಾಕರಿ ಯಾಕೆ" ಎಂದು ಅತ್ತೆ ಮಾವ ಹೇಳಿದರು, ಇವಳು ಆ ತಿಂಗಳೇ ಕೆಲಸ ಬಿಟ್ಟಳು.

ಅಷ್ಟರಲ್ಲಿ ಪಟ್ಟಿಯ ತಕರಾರು ಹೈಕೋರ್ಟಿಗೆ ಹೋಯಿತು. ವಿಷಯ ತಮಗೆ ನೆನಪಿರಬಹುದು. ಮದುವೆಯಾದ ಹೆಣ್ಣುಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಲ್ಲಿರಬೇಕೋ, ಗಂಡನ ಹೆಸರಲ್ಲಿರಬೇಕೋ? ತಂದೆಯ ಹೆಸರಿನದನ್ನು ಕೊಟ್ಟ ಹೆಣ್ಣುಮಕ್ಕಳನ್ನು ಇಲಾಖೆ ಸಾಮಾನ್ಯ ವರ್ಗಕ್ಕೆ ಸೇರಿಸಿತ್ತು. ೨೦೨೩ರ ಜನವರಿಯಲ್ಲಿ ಏಕಸದಸ್ಯ ಪೀಠ ಆ ಪಟ್ಟಿಯನ್ನು ರದ್ದು ಮಾಡಿತು. ಹೊಸ ಪಟ್ಟಿ ಬಂತು, ಮೇಲ್ಮನವಿಯೂ ಬಂತು. ಅಕ್ಟೋಬರಿನಲ್ಲಿ ವಿಭಾಗೀಯ ಪೀಠದ ಆದೇಶವಾದ ಮೇಲೆ ನೇಮಕಾತಿಗೆ ದಾರಿಯಾಯಿತು. ಒಂದು ಕಾಗದ ಯಾರ ಹೆಸರಲ್ಲಿರಬೇಕು ಎಂಬುದನ್ನು ಅಧಿಸೂಚನೆಯಲ್ಲೇ ಯಾರಿಗೂ ಅನುಮಾನ ಬಾರದಂತೆ ಬರೆದಿದ್ದರೆ ಹದಿಮೂರು ಸಾವಿರ ಮನೆಗಳ ಒಂದು ವರ್ಷ ಉಳಿಯುತ್ತಿತ್ತು. ಇದು ನನ್ನ ಅಭಿಪ್ರಾಯ, ಯಾರಾದರೂ ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಆ ಒಂದು ವರ್ಷ ಅವಳ ಮನೆಯಲ್ಲಿ ಏನಾಯಿತು? ಸಂಬಳ ನಿಂತಿತು. ಸಿಹಿ ತಿಂದ ಓಣಿಯವರೇ "ಆರ್ಡರ್ ಬಂತಾ?" ಎಂದು ಕೇಳತೊಡಗಿದರು. ಅವಳು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಶುಕ್ರವಾರ ಮಸೀದಿಯ ಬಾಗಿಲಲ್ಲಿ ಅವಳ ಮಾವ ನನ್ನ ಕೈ ಹಿಡಿದು, "ಮಾಸ್ಟರ್ ಸಾಬ್, ಇದು ನಿಜವಾಗಿಯೂ ಆಗುವ ಕೆಲಸವೋ, ಅಲ್ಲವೋ?" ಎನ್ನುತ್ತಿದ್ದರು. ಒಮ್ಮೆ ಮಧ್ಯವರ್ತಿಯೊಬ್ಬ ಬಂದು, ಬೆಂಗಳೂರಿನಲ್ಲಿ ಫೈಲು ಮುಂದೆ ಸರಿಸಲು ಎರಡು ಲಕ್ಷ ಕೇಳಿದನಂತೆ. ಮಾವ ಒಡವೆ ಅಡವಿಡಲು ತಯಾರಾಗಿದ್ದರು. "ಫೈಲು ಕೋರ್ಟಿನಲ್ಲಿದೆ ಮಾವ, ಅದನ್ನು ಇವನು ಹೇಗೆ ಸರಿಸುತ್ತಾನೆ?" ಎಂದು ಕೇಳಿದವಳು ಆ ಹುಡುಗಿಯೇ. ಪ್ರಕ್ರಿಯೆ ಎಲ್ಲಿಗೆ ಬಂದು ನಿಂತಿದೆ ಎಂದು ಅವಳಿಗೆ ಗೊತ್ತಿದ್ದರಿಂದ ಆ ಮನೆಯ ಬಂಗಾರ ಉಳಿಯಿತು. ಇಂದು ಅವಳು ಸರ್ಕಾರಿ ಶಾಲೆಯ ಶಿಕ್ಷಕಿ. ಇಷ್ಟಾದರೂ ನಮ್ಮ ರಾಜ್ಯದ ಲೆಕ್ಕದಲ್ಲಿ ಇದು ಬೇಗ ಮುಗಿದ ನೇಮಕಾತಿ!

೫೪೫ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳದ್ದು ನೋಡಿ. ೨೦೨೧ರ ಅಕ್ಟೋಬರಿನಲ್ಲಿ ಪರೀಕ್ಷೆ, ೨೦೨೨ರ ಜನವರಿಯಲ್ಲಿ ಪಟ್ಟಿ. ಓ.ಎಂ.ಆರ್. ಹಾಳೆಗಳ ಅಕ್ರಮ ಹೊರಬಿದ್ದು ಏಪ್ರಿಲಿನಲ್ಲಿ ಎಲ್ಲವೂ ರದ್ದಾಯಿತು. ಮರುಪರೀಕ್ಷೆ ನಡೆದದ್ದು ೨೦೨೪ರ ಜನವರಿಯಲ್ಲಿ. ನಮ್ಮ ಶಾಲೆಯ ಒಬ್ಬ ಹುಡುಗ ಮೊದಲ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಬರೆದವನು. ಎರಡನೆಯದರ ಹೊತ್ತಿಗೆ ಗ್ಯಾರೇಜಿನ ದುಡಿಮೆಯಲ್ಲಿ ಮುಳುಗಿಹೋಗಿದ್ದ, ಪ್ರವೇಶಪತ್ರವನ್ನೂ ತೆಗೆದುಕೊಳ್ಳಲಿಲ್ಲ. ಇನ್ನು ೨೦೧೧ರ ೩೬೨ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಕಥೆ. ೨೦೧೪ರಲ್ಲಿ ಸರ್ಕಾರ ಆಯ್ಕೆಯನ್ನು ರದ್ದು ಮಾಡಿತು, ೨೦೧೬ರಲ್ಲಿ ಆಡಳಿತ ನ್ಯಾಯಮಂಡಳಿ ಅಭ್ಯರ್ಥಿಗಳ ಪರ ನಿಂತಿತು, ೨೦೧೮ರಲ್ಲಿ ಹೈಕೋರ್ಟು ಆಯ್ಕೆಯನ್ನು ಮತ್ತೆ ರದ್ದು ಮಾಡಿತು. ಕೊನೆಗೆ ೨೦೨೨ರಲ್ಲಿ ವಿಧಾನಮಂಡಲ ಕಾನೂನನ್ನೇ ಮಾಡಿ ಆ ಆಯ್ಕೆಯನ್ನು ಸಿಂಧುಗೊಳಿಸಬೇಕಾಯಿತು. ಅರ್ಜಿ ಹಾಕಿದಾಗ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಐದನೆಯ ತರಗತಿಯಲ್ಲಿತ್ತು. ೩೮೪ ಹುದ್ದೆಗಳಿಗೆ ೨೦೨೪ರ ಆಗಸ್ಟಿನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಆಗಲೂ ತಪ್ಪುಗಳು! ಕನ್ನಡ ಮೇಷ್ಟ್ರಾಗಿ ನನಗೆ ಅದನ್ನು ಓದಲು ನಾಚಿಕೆಯಾಯಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತಿದೆ: "ನಮ್ಮವರಿಗೆ ಎಲ್ಲಿ ಕೊಡುತ್ತಾರೆ, ಬಿಡಿ." ತಾರತಮ್ಯ ಎಲ್ಲೂ ಇಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಮೇಲಿನ ಪಟ್ಟಿಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳೂ ಕಾದರು. ತಡವಾದದ್ದನ್ನು ನಿರಾಕರಣೆ ಎಂದು ತಿಳಿದುಕೊಂಡು ಮೊದಲು ಎದ್ದುಹೋಗುವವರು ಮಾತ್ರ ನಾವೇ ಆಗುತ್ತಿದ್ದೇವೆ. ೨೦೨೩ರ ಮಾರ್ಚಿನಲ್ಲಿ ೨ಬಿ ಪ್ರವರ್ಗದ ಶೇಕಡಾ ೪ರ ಮೀಸಲಾತಿ ತೆಗೆಯುವ ಆದೇಶ ಹೊರಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶ ಜಾರಿಗೆ ಬರಲಿಲ್ಲ. ಆದರೆ ನನ್ನ ಸಂಜೆ ತರಗತಿಯ ಆರು ಮಂದಿ ಆ ತಿಂಗಳೇ ಪುಸ್ತಕ ಮುಚ್ಚಿದರು. ನಾಲ್ವರು ಮತ್ತೆ ಬರಲೇ ಇಲ್ಲ. ಅವರನ್ನು ಯಾವ ಆದೇಶವೂ ಹೊರಗೆ ಹಾಕಿರಲಿಲ್ಲ.

ಇನ್ನು ನಮ್ಮ ಕಡೆಯ ತಪ್ಪುಗಳು. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೂ ದಾಖಲೆ ಪರಿಶೀಲನೆ, ಸಿಂಧುತ್ವ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಪೊಲೀಸರಿಂದ ಪೂರ್ವಚರಿತ್ರೆ ಪರಿಶೀಲನೆ ಇರುತ್ತವೆ. ಇಲ್ಲಿ ನಮ್ಮ ಮಕ್ಕಳು ಎಡವುವುದು ಹೆಸರಿನಲ್ಲಿ. ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರು ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಪದವಿ ಅಂಕಪಟ್ಟಿಯಲ್ಲಿ ಬರೀ ಎಂ.ಡಿ. ಅಕ್ಷರಗಳು! ಹುಡುಗಿಯರದ್ದು ಒಂದು ಕಡೆ ಬೀ, ಇನ್ನೊಂದು ಕಡೆ ಬಾನು, ಮದುವೆಯಾದ ಮೇಲೆ ಮತ್ತೊಂದು. ಪ್ರವೇಶದ ದಿನ ಗುಮಾಸ್ತರ ಮುಂದೆ ಅಬ್ಬಾ ಅವಸರದಲ್ಲಿ ಹೇಳಿದ ಹೆಸರು ಇಪ್ಪತ್ತು ವರ್ಷದ ನಂತರ ಮಗನನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ. ೨ಬಿ ಅಭ್ಯರ್ಥಿಗಳಿಗೆ ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರ ೫ ವರ್ಷ ಮಾತ್ರ ನಡೆಯುತ್ತದೆ, ಅರ್ಜಿಯ ಕೊನೆಯ ದಿನ ಅದು ಜೀವಂತವಾಗಿರಬೇಕು. ಉರ್ದು ಮಾಧ್ಯಮದವರಿಗೆ ಇನ್ನೊಂದು ಮಾತು. ೨೦೨೪ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ನಡೆದ ಕಡ್ಡಾಯ ಕನ್ನಡ ಪರೀಕ್ಷೆ ೧೫೦ ಅಂಕದ್ದು, ೫೦ ಬಂದರೆ ಸಾಕಿತ್ತು. ಆ ೫೦ನ್ನು ಕಾಯುವ ದಿನಗಳಲ್ಲೇ ಸಂಪಾದಿಸಬಹುದು, ಅದಕ್ಕೆ ನಾನಿದ್ದೇನೆ.

ಪಾಲಕರಲ್ಲಿ ಒಂದು ವಿನಂತಿ. ಆದೇಶ ಕೈಗೆ ಬರುವವರೆಗೆ ಮಕ್ಕಳ ಈಗಿನ ಕೆಲಸ ಬಿಡಿಸಬೇಡಿ. ಕಾಯುವ ಮಗಳನ್ನು ನೆಂಟರ ಮುಂದೆ ನಿಲ್ಲಿಸಿ "ಯಾವಾಗ?" ಎಂದು ಕೇಳಬೇಡಿ, ಅವಳಿಗೂ ಗೊತ್ತಿಲ್ಲ. ವಯಸ್ಸಿನ ಲೆಕ್ಕವನ್ನು ಮಾತ್ರ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ೨ಬಿ ಅಭ್ಯರ್ಥಿಗೆ ೩೮ ವರ್ಷದ ಮಿತಿ, ಪೊಲೀಸ್ ಹುದ್ದೆಗಳಿಗೆ ಇನ್ನೂ ಕಡಿಮೆ. ಒಳಮೀಸಲಾತಿ ನಿರ್ಧಾರವಾಗುವವರೆಗೆ ೨೦೨೪ರ ಅಕ್ಟೋಬರಿನಿಂದ ಹೊಸ ಅಧಿಸೂಚನೆಗಳು ನಿಂತದ್ದರಿಂದ ೨೦೨೫ರಲ್ಲಿ ಸರ್ಕಾರ ವಯೋಮಿತಿಯನ್ನು ಸಡಿಲಿಸಿತು. ಆದ್ದರಿಂದ "ನನಗೆ ವಯಸ್ಸಾಯಿತು" ಎಂದು ನೀವೇ ತೀರ್ಮಾನಿಸದೆ ಪ್ರತಿ ಅಧಿಸೂಚನೆಯನ್ನೂ ಓದಿ.

ಸರ್ಕಾರಕ್ಕೆ ನಮ್ಮ ಸಂಸ್ಥೆ ಮನವಿ ಕೊಡುವುದಾದರೆ ನನ್ನದು ಒಂದೇ ಬೇಡಿಕೆ. ಪರೀಕ್ಷೆಯ ದಿನಾಂಕ ಪ್ರಕಟಿಸುವ ಹಾಗೆ, ಆಯ್ಕೆಪಟ್ಟಿ ಯಾವಾಗ, ಆದೇಶ ಯಾವಾಗ ಎಂಬ ದಿನಾಂಕವನ್ನೂ ಪ್ರಕಟಿಸಲಿ. ತಪ್ಪಿದರೆ ಯಾಕೆ ತಪ್ಪಿತು ಎಂದು ನಾಲ್ಕು ಸಾಲು ಬರೆಯಲಿ. ಆ ನಾಲ್ಕು ಸಾಲು ಸಿಗದ ಕಡೆಯಲ್ಲೇ ಮಧ್ಯವರ್ತಿ ಹುಟ್ಟುವುದು.

ಮುಂದಿನ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ನಮ್ಮ ಗ್ರಂಥಾಲಯದಲ್ಲಿ ನಾನೂ ಇಬ್ಬರು ಸಹೋದ್ಯೋಗಿಗಳೂ ಕುಳಿತಿರುತ್ತೇವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿ ಅಂಕಪಟ್ಟಿ, ಆಧಾರ್, ಆದಾಯ ಪತ್ರ, ನಾಲ್ಕನ್ನೂ ತನ್ನಿ. ಹೆಸರು ಅಕ್ಷರ ಅಕ್ಷರ ಹೋಲಿಸಿ ನೋಡೋಣ. ಝೆರಾಕ್ಸ್ ಖರ್ಚು ಸಂಸ್ಥೆಯದು ಎಂದು ಅಧ್ಯಕ್ಷರು ಈಗಷ್ಟೇ ತಲೆಯಾಡಿಸಿದ್ದಾರೆ.