ಪರದೆಯ ಸಾಕ್ಷಿಯನ್ನು ನಾವೇ ವಿಚಾರಿಸೋಣ

(ಹೈದರಾಬಾದಿನ ಕನ್ನಡ ಕಾರ್ಮಿಕರ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಬರುವ ತಿಂಗಳಿನಿಂದ ನಮ್ಮ ಸಂಘದ ಹಜಾರದಲ್ಲಿ ತಿಂಗಳಿಗೊಂದರಂತೆ ಮೂರು ಸಾಕ್ಷ್ಯಚಿತ್ರಗಳನ್ನು ತೋರಿಸುವುದೆಂದು ಸಮಿತಿ ಗೊತ್ತುಮಾಡಿದೆ. ಒಂದು ಕೈಗಾರಿಕೆಯದು, ಒಂದು ಆಡಳಿತದ್ದು, ಒಂದು ಯುದ್ಧದ್ದು. ಈ ಸುದ್ದಿ ಹೊರಬಿದ್ದ ದಿನದಿಂದ ನಮಗೆ ನೆಮ್ಮದಿಯಿಲ್ಲ. “ದಣಿದು ಬಂದವರಿಗೆ ಒಂದು ರಾಜಕುಮಾರ್ ಚಿತ್ರ ತೋರಿಸಿರಿ, ಈ ತಂಟೆ ಯಾಕೆ?” ಎಂದರು ಕೆಲವರು. “ಗಲಭೆಯ ಚಿತ್ರ ನೋಡಿದರೆ ನಮ್ಮ ನಮ್ಮಲ್ಲೇ ಒಡಕು ಹುಟ್ಟೀತು” ಎಂದರು ಇನ್ನು ಕೆಲವರು. ಕ್ಷಿಪಣಿ ಕಾರ್ಖಾನೆಯಲ್ಲಿ ದುಡಿಯುವ ಸದಸ್ಯರೊಬ್ಬರು, “ನನ್ನ ಅನ್ನಕ್ಕೇ ಕಲ್ಲು ಹಾಕುತ್ತೀರಾ?” ಎಂದು ನೇರವಾಗಿ ಕೇಳಿದರು. ಈ ಮೂರು ಮಾತುಗಳಿಗೂ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಹಿರಿಯರಿಗೆ ನೆನಪಿದೆ. ಟಾಕೀಸಿನಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ಸರಕಾರದ ಫಿಲ್ಮ್ಸ್ ಡಿವಿಜನ್ನಿನ ಸಮಾಚಾರ ಚಿತ್ರ ಬರುತ್ತಿತ್ತು. ಅಣೆಕಟ್ಟಿನ ನೀರು ಧುಮುಕುವುದು, ಮಂತ್ರಿಗಳು ರಿಬ್ಬನ್ನು ಕತ್ತರಿಸುವುದು, ಕಾರ್ಖಾನೆಯ ಚಕ್ರ ತಿರುಗುವುದು. ಆ ಹೊತ್ತಿಗೆ ನಾವು ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದೆವು. ಈ ಕಡ್ಡಾಯ ಹುಟ್ಟಿದ್ದು ಯುದ್ಧದಲ್ಲಿ. 1943ರಲ್ಲಿ ಬ್ರಿಟಿಷ್ ಸರಕಾರ ‘ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ ಎಂಬ ವಿಭಾಗ ಕಟ್ಟಿತು. ಯುದ್ಧಕ್ಕೆ ಜನರ ಬೆಂಬಲ ಗಳಿಸುವ ಚಿತ್ರಗಳನ್ನು ಟಾಕೀಸುಗಳು ತೋರಿಸಲೇಬೇಕೆಂದು ಕಟ್ಟುಮಾಡಿತು. 1946ರಲ್ಲಿ ಆ ವಿಭಾಗ ಮುಚ್ಚಿತು. 1948ರಲ್ಲಿ, ನಮ್ಮ ಹೈದರಾಬಾದು ಭಾರತಕ್ಕೆ ಸೇರಿದ ವರ್ಷವೇ, ಸ್ವತಂತ್ರ ಸರಕಾರ ಫಿಲ್ಮ್ಸ್ ಡಿವಿಜನ್ ಸ್ಥಾಪಿಸಿತು. ಆಳುವವರು ಬದಲಾದರೂ ಕಡ್ಡಾಯ ಮರಳಿ ಬಂತು. ಅಲ್ಲಿಯೂ ಎಸ್. ಸುಖದೇವ್, ಎಸ್.ಎನ್.ಎಸ್. ಶಾಸ್ತ್ರಿ ಅವರಂಥ ಸಮರ್ಥರು ಕೆಲಸ ಮಾಡಿದರೆಂಬುದನ್ನು ಮರೆಯಬಾರದು. ಆದರೆ ದಶಕಗಳ ಕಾಲ ನಮಗೆ ಸಾಕ್ಷ್ಯಚಿತ್ರವೆಂದರೆ ಸರಕಾರ ತನ್ನ ಬಗ್ಗೆ ತಾನೇ ಹೇಳಿದ ಸಾಕ್ಷಿ. ಕೋರ್ಟಿನಲ್ಲಿ ಒಂದೇ ಪಕ್ಷದ ಸಾಕ್ಷಿ ಕೇಳಿ ತೀರ್ಪು ಕೊಟ್ಟರೆ ಅದು ನ್ಯಾಯವೇ? ಉಳಿದ ಸಾಕ್ಷಿಗಳನ್ನೂ ಕರೆಸಬೇಕೆಂದೇ ಈ ಏರ್ಪಾಡು.

ಮೊದಲನೆಯ ಚಿತ್ರ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು. ಅಲ್ಲಿ ತಂಬಾಕಿನ ಧೂಳು ಕುಡಿಯುತ್ತ ದುಡಿಯುವ ಹೆಂಗಸರು ಸಂಘ ಕಟ್ಟಿದ ಕತೆ. ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’, ವರ್ಷ 1982. ಬೆಂಗಳೂರಿನಲ್ಲಿ 1980ರಲ್ಲಿ ಕೂಡಿದ ‘ಯುಗಾಂತರ’ ಎಂಬ ತಂಡದ್ದು; ದೀಪಾ ಧನರಾಜ್ ಆ ತಂಡದವರಲ್ಲಿ ಒಬ್ಬರು. ಇವರು ಮೋಟಾರಿನಲ್ಲಿ ಬಂದು ನಾಲ್ಕು ಚಿತ್ರ ಹಿಡಿದು ಹೋದವರಲ್ಲ. ತಿಂಗಳುಗಟ್ಟಲೆ ಆ ಹೆಂಗಸರ ನಡುವೆ ಇದ್ದು, ಅವರ ಮಾತು ಕೇಳಿ ಚಿತ್ರ ಮಾಡಿದರು. ಕಲಬುರಗಿಯ ಎಂ.ಎಸ್.ಕೆ. ಮಿಲ್ಲು ಮುಚ್ಚಿತು, ಇಲ್ಲಿಯ ಡಿ.ಬಿ.ಆರ್. ಮಿಲ್ಲು ಮುಚ್ಚಿತು. ಆ ಗಿರಣಿಗಳ ಭೋಂಗಾ ಕೇಳಿ ಎದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಯಾರಾದರೂ ಹಾಗೆ ಕುಳಿತು ಕೇಳಿದರೇ?

ಎರಡನೆಯದು ನಮ್ಮ ಊರಿನದೇ. ‘ಕ್ಯಾ ಹುವಾ ಇಸ್ ಶಹರ್ ಕೋ’ ಎಂದರೆ ಈ ಊರಿಗೆ ಏನಾಯಿತು ಎಂದರ್ಥ. 1986ರ ಚಿತ್ರ, ಇದೂ ದೀಪಾ ಧನರಾಜ್ ಅವರದೇ. 1984ರ ಆಗಸ್ಟಿನಲ್ಲಿ ಎನ್.ಟಿ. ರಾಮರಾಯರ ಸರಕಾರವನ್ನು ರಾಜ್ಯಪಾಲರು ವಜಾ ಮಾಡಿದ್ದು, ಶಾಸಕರನ್ನು ಕರ್ನಾಟಕಕ್ಕೆ ಕರೆದೊಯ್ದು ಕಾಯಬೇಕಾಗಿ ಬಂದದ್ದು, ಒಂದು ತಿಂಗಳಲ್ಲಿ ರಾಮರಾಯರು ಮತ್ತೆ ಕುರ್ಚಿ ಏರಿದ್ದು ಹಿರಿಯರಿಗೆ ಗೊತ್ತು. ಆ ವರ್ಷವೇ ಹಳೆಯ ಊರಿನಲ್ಲಿ ಹಿಂದೂ–ಮುಸ್ಲಿಂ ಗಲಭೆ, ಕರ್ಫ್ಯೂ. ಗಲಭೆಗೂ ಅಧಿಕಾರದ ಆಟಕ್ಕೂ ಏನು ನಂಟು ಎಂದು ಈ ಚಿತ್ರ ಕೇಳುತ್ತದೆ.

ಒಡಕು ಬಂದೀತೆಂದು ಹೆದರುವ ಬಂಧುಗಳೇ, ಕರ್ಫ್ಯೂ ಬಿದ್ದ ದಿನ ಹೊಟೇಲಿನ ಒಲೆ ಹೊತ್ತುವುದಿಲ್ಲ. ದಿನಗೂಲಿಯವನ ಮನೆಯ ಒಲೆಯೂ ಹೊತ್ತುವುದಿಲ್ಲ. ದೋಸೆ ಹೊಯ್ಯುವ ನಮ್ಮ ಭಟ್ಟರಿಗೂ ಲೋಟ ತೊಳೆಯುವ ನಮ್ಮ ಸಾಬರಿಗೂ ಆ ಹಸಿವು ಒಂದೇ. ಗಾಯ ಮುಚ್ಚಿಟ್ಟರೆ ಕೀವಾಗುತ್ತದೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ನೋಡಲಿ.

ಮೂರನೆಯದು ಆನಂದ ಪಟವರ್ಧನರ ‘ಜಂಗ್ ಔರ್ ಅಮನ್’, 2002ರದು. 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಅಣುಬಾಂಬಿನ ಪರೀಕ್ಷೆ ನಡೆಯಿತು. ಅದೇ ತಿಂಗಳು ಪಾಕಿಸ್ತಾನವೂ ನಡೆಸಿತು. ಬೀದಿಯಲ್ಲಿ ಪೇಡೆ ಹಂಚಿದವರನ್ನೂ ಪೋಖ್ರಾನಿನ ನೆರೆಯ ಹಳ್ಳಿಯವರನ್ನೂ ಈ ಚಿತ್ರ ಕಾಣಿಸುತ್ತದೆ. ಪಾಕಿಸ್ತಾನಕ್ಕೂ ಜಪಾನಿಗೂ ಹೋಗಿ ಬರುತ್ತದೆ. ಸೆನ್ಸಾರಿನವರು ಹಲವು ಕಡೆ ಕತ್ತರಿಸಲು ಹೇಳಿದರು. ಪಟವರ್ಧನರು ಒಪ್ಪದೆ ಮುಂಬಯಿ ಹೈಕೋರ್ಟಿಗೆ ಹೋದರು. 2003ರಲ್ಲಿ ಕತ್ತರಿಯಿಲ್ಲದೆಯೇ ತೋರಿಸಬಹುದೆಂದು ಕೋರ್ಟು ಹೇಳಿತು.

ಈ ಹಾದಿ ಹಳೆಯದು. ಖ್ವಾಜಾ ಅಹ್ಮದ್ ಅಬ್ಬಾಸರು 1968ರಲ್ಲಿ ನಾಲ್ಕು ಮಹಾನಗರಗಳ ಸಿರಿತನ–ಬಡತನ ಎರಡನ್ನೂ ಎದುರುಬದುರು ಇಟ್ಟು ಒಂದು ಕಿರುಚಿತ್ರ ಮಾಡಿ, ಕತ್ತರಿಯ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ಸರಕಾರ ಪಟ್ಟು ಸಡಿಲಿಸಿತು. 1970ರ ತೀರ್ಪಿನಲ್ಲಿ ಕೋರ್ಟು ಸೆನ್ಸಾರ್ ಪದ್ಧತಿಯನ್ನು ಎತ್ತಿಹಿಡಿಯಿತು. ಅದಕ್ಕೆ ಸ್ಪಷ್ಟ ನಿಯಮಗಳಿರಬೇಕೆಂದೂ ಹೇಳಿತು. ಚಿತ್ರ ಗೆದ್ದಿತು, ಕತ್ತರಿ ಉಳಿಯಿತು.

ಇನ್ನು ಕ್ಷಿಪಣಿ ಕಾರ್ಖಾನೆಯ ನಮ್ಮ ಗೆಳೆಯರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಭಾರತ್ ಡೈನಾಮಿಕ್ಸ್ 1970ರಲ್ಲಿ ಈ ಊರಿಗೆ ಬಂತು. ಅಂಥ ಕಾರ್ಖಾನೆಗಳಿಂದ ಇಲ್ಲಿ ಸಾವಿರಾರು ಮನೆಗಳು ಅನ್ನ ಕಂಡಿವೆ. ಆ ಅನ್ನ ಹೀನವೆಂದು ಹೇಳುವ ಅಧಿಕಾರ ನಮಗಿಲ್ಲ. ಗಡಿಯಲ್ಲಿ ನಿಂತ ಸಿಪಾಯಿಗಳೂ ನಮ್ಮ ಹಳ್ಳಿಯ ಮಕ್ಕಳೇ. ಆದ್ದರಿಂದ ನಮ್ಮ ತೀರ್ಮಾನ ಇಷ್ಟು: ಆ ದಿನ ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಮೊದಲು ಮಾತನಾಡುವ ಹಕ್ಕು ಆ ಗೆಳೆಯರದು. ಚಿತ್ರದವರು ತಪ್ಪಿದ್ದರೆ ತಪ್ಪೆಂದು ಅವರೇ ಹೇಳಲಿ. ನಾವು ಕೇಳುತ್ತೇವೆ.

ಯಾಕೆಂದರೆ ಸರಕಾರದ ಚಿತ್ರಕ್ಕೆ ಒಂದು ಪಕ್ಷವಿದ್ದಂತೆ ಸರಕಾರವನ್ನು ಟೀಕಿಸುವ ಚಿತ್ರಕ್ಕೂ ಒಂದು ಪಕ್ಷವಿದೆ. ಯಾವುದನ್ನೂ ಕಣ್ಣುಮುಚ್ಚಿ ನಂಬಬೇಡಿರಿ. ಇದಕ್ಕೆ ಹಣ ಹಾಕಿದವರು ಯಾರು? ಕ್ಯಾಮೆರಾ ಯಾರ ಮಗ್ಗುಲಲ್ಲಿ ನಿಂತಿತ್ತು? ಮಾತನಾಡಲು ಸಿಕ್ಕವರು ಯಾರು, ಸಿಗದೆ ಹೋದವರು ಯಾರು? ಇಷ್ಟು ಕೇಳಿದರೆ ಸಾಕು. ಗಿರಾಕಿಯ ಮುಖ ನೋಡಿ ಹಸಿವು ಅಳೆಯುವ ಸಪ್ಲೈಯರನಿಗೆ, ಎಳೆ ಕಡಿಯುವ ಮೊದಲೇ ಮಗ್ಗದ ಸದ್ದಿನಲ್ಲಿ ಗುರುತಿಸುವ ಗಿರಣಿಗಾರನಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ.

ರಾಜಕುಮಾರ್ ಚಿತ್ರವನ್ನೂ ತೋರಿಸೋಣ, ಬೇಡವೆಂದವರಾರು? ಆದರೆ ನಮ್ಮ ಬಾಳಿನ ಖಟ್ಲೆ ಪರದೆಯ ಮೇಲೆ ನಡೆಯುವಾಗ ಬೀಡಿ ಸೇದಲು ಹೊರಗೆ ಹೋಗುವ ಕಾಲ ಮುಗಿಯಲಿ. ರಾತ್ರಿಯ ಪಾಳಿ ಮುಗಿಸಿ ಬರುವವರಿಗಾಗಿ ಹತ್ತು ಗಂಟೆಗೆ ಆರಂಭಿಸುತ್ತೇವೆ. ಚಹಾ ಸಂಘದ್ದು. ಎಲ್ಲರೂ ಬನ್ನಿರಿ, ಮನೆಯವರನ್ನೂ ಕರೆತನ್ನಿರಿ.