ಗುಂಡಿನ ಬಯಲಲ್ಲಿ ಬೆಳ್ಳಕ್ಕಿ

ಲಂಡನ್ನಿನ ಪೂರ್ವದಂಚಿನಲ್ಲಿ, ಕಡಲಿನ ಉಬ್ಬರವಿಳಿತಕ್ಕೆ ಥೇಮ್ಸ್ ನದಿ ಏರಿ ಇಳಿಯುವಲ್ಲಿ, ರೇನ್‌ಹ್ಯಾಮ್ ಜೌಗು ಬಯಲಿದೆ. ಹಿಂದೆ ಸೈನಿಕರು ಗುಂಡು ಹಾರಿಸಲು ಕಲಿಯುತ್ತಿದ್ದ ಜಾಗ, ಜನರಿಗೆ ಪ್ರವೇಶವಿರಲಿಲ್ಲ. 2000ರಲ್ಲಿ ಹಕ್ಕಿಗಳಿಗಾಗಿ ದುಡಿಯುವ ಆರ್‌ಎಸ್‌ಪಿಬಿ ಸಂಸ್ಥೆ ಅದನ್ನು ಕೊಂಡಿತು, 2006ರಲ್ಲಿ ಎಲ್ಲರಿಗೂ ತೆರೆಯಿತು. ಕೋವಿ ಮೊರೆದ ನೆಲವನ್ನು ಹಕ್ಕಿಗೆ ಬಿಟ್ಟುಕೊಟ್ಟದ್ದು ದೊಡ್ಡ ಮಾತು.

ಊರಿಂದ ಬಂದಿದ್ದ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆ. ದಾರಿ ತೋರುತ್ತಿದ್ದವರು ತುಟಿಗೆ ಬೆರಳಿಟ್ಟು ನಿಂತರು. ಜೊಂಡಿನ ಮರೆಯಲ್ಲಿ ಬಿಳಿ ಹಕ್ಕಿಯೊಂದು ಕೆಸರಲ್ಲಿ ಕಾಲು ನಡುಗಿಸಿ ಮೀನು ಎಬ್ಬಿಸುತ್ತಿತ್ತು. ಕಪ್ಪು ಕಾಲು, ಹಳದಿ ಬೆರಳು.

"ನಮ್ಮ ಗದ್ದೆಯ ಬೆಳ್ಳಕ್ಕಿ ಕಣೋ!" ಅಂದಳು ಅಮ್ಮ.

ಬ್ರಿಟನ್ನಿನಲ್ಲಿ ಅದು ಮರಿ ಮಾಡತೊಡಗಿದ್ದು 1996ರಲ್ಲಷ್ಟೇ. ಅದೂ ವಲಸೆ ಬಂದು ನೆಲೆನಿಂತ ಜೀವ. ಪಕ್ಕದಲ್ಲೇ ಪ್ಯಾರಿಸ್ಸಿನ ರೈಲು ಭರ್ರನೆ ಹಾದುಹೋಯಿತು. ಹಕ್ಕಿ ತಲೆಯೆತ್ತಲಿಲ್ಲ, ಅಮ್ಮನೂ ಅದರಿಂದ ಕಣ್ಣು ಕೀಳಲಿಲ್ಲ.