ಗುತ್ತಿಗೆಯ ಸರಪಳಿ



ವೈದ್ಯರಾದ ನಮಗೆ ಗಣಕಯಂತ್ರದ ಒಳಗುಟ್ಟು ತಿಳಿಯದು. ಆದರೆ ರೋಗಿ ನಂಬಿ ಹೇಳಿದ ಮಾತು ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕು ನಮಗುಂಟು. ಸರಕಾರವು ತನ್ನ ತಾಂತ್ರಿಕ ಕಾರ್ಯಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ವಿಷಯವನ್ನು ಆ ದೃಷ್ಟಿಯಿಂದಲೇ ನೋಡುತ್ತೇವೆ.

ಮಗುವಿಗೆ ನಡುರಾತ್ರಿ ಜ್ವರ ಬಂದರೆ ತಾವೆಲ್ಲರೂ 1177ಕ್ಕೆ ಕರೆ ಮಾಡುವವರೇ. ಅಂತಹ ಸುಮಾರು 27 ಲಕ್ಷ ಕರೆಗಳ ಧ್ವನಿಮುದ್ರಣ ಯಾವ ಕಾವಲೂ ಇಲ್ಲದೆ ಅಂತರಜಾಲದಲ್ಲಿ ತೆರೆದು ಬಿದ್ದಿರುವುದನ್ನು 2019ರ ಫೆಬ್ರವರಿಯಲ್ಲಿ ‘ಕಂಪ್ಯೂಟರ್ ಸ್ವೀಡನ್’ ಪತ್ರಿಕೆ ಬಯಲಿಗೆಳೆಯಿತು. ಸ್ಟಾಕ್‌ಹೋಮ್, ಸೋರ್ಮ್‌ಲಾಂಡ್, ವೆರ್ಮ್‌ಲಾಂಡ್ ಪ್ರಾದೇಶಿಕ ಆಡಳಿತಗಳು ಸೇವೆಯನ್ನು ಮೆಡ್‌ಹೆಲ್ಪ್ ಸಂಸ್ಥೆಗೆ ವಹಿಸಿದ್ದವು. ಮೆಡ್‌ಹೆಲ್ಪ್ ಅದರ ಒಂದು ಪಾಲನ್ನು ಥಾಯ್ಲೆಂಡಿನ ಮೆಡಿಕಾಲ್‌ಗೆ ಒಪ್ಪಿಸಿತ್ತು. ಧ್ವನಿಮುದ್ರಣಗಳಿದ್ದದ್ದು ವಾಯ್ಸ್ ಇಂಟಿಗ್ರೇಟ್ ನಾರ್ಡಿಕ್ ಎಂಬ ಮೂರನೆಯವರಲ್ಲಿ. ಎದೆನೋವೆಂದು ಕರೆ ಮಾಡಿದವನಿಗೆ ಈ ಹೆಸರುಗಳಲ್ಲಿ ಒಂದಾದರೂ ತಿಳಿದಿತ್ತೆ? ತನ್ನ ಮಾತು ಮುದ್ರಣವಾಗುತ್ತಿದೆ ಎಂಬುದಾದರೂ? ಇಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರವು 2021ರಲ್ಲಿ ಮೆಡ್‌ಹೆಲ್ಪ್‌ಗೆ 1.2 ಕೋಟಿ ಕ್ರೋನರ್ ದಂಡ ವಿಧಿಸಿತು; ಕರೆ ಮಾಡಿದವರಿಗೆ ತಕ್ಕ ಮಾಹಿತಿ ನೀಡದ ಮೂರು ಆಡಳಿತಗಳನ್ನೂ ಬಿಡಲಿಲ್ಲ. ಅದು ಸರಿಯೆಂದೇ ನಮ್ಮ ಅಭಿಪ್ರಾಯ.

ಇದಕ್ಕೂ ಮುಂಚೆ, 2015ರಲ್ಲಿ, ಇಲ್ಲಿನ ಸಾರಿಗೆ ಇಲಾಖೆ ತನ್ನ ಗಣಕ ವ್ಯವಸ್ಥೆಯನ್ನು ಐಬಿಎಂಗೆ ಒಪ್ಪಿಸುವಾಗ ಮುಖ್ಯಸ್ಥೆಯೇ ಕಾನೂನಿನ ಕೆಲವು ಕಟ್ಟಳೆಗಳನ್ನು ಬದಿಗಿಟ್ಟಿದ್ದರು. ಭದ್ರತಾ ತಪಾಸಣೆಯಾಗದ ವಿದೇಶೀ ಸಿಬ್ಬಂದಿಯ ಕೈಗೆ ದಾಖಲೆಗಳು ಎಟುಕಿದವು. 2017ರಲ್ಲಿ ಆಕೆ 70,000 ಕ್ರೋನರ್ ದಂಡಕ್ಕೆ ಒಪ್ಪಿದರು. ಇಬ್ಬರು ಸಚಿವರು ಸ್ಥಾನ ಬಿಟ್ಟರು.

ಹಾಗಾದರೆ ಗುತ್ತಿಗೆಯೇ ಬೇಡವೆ? ಹಾಗಲ್ಲ. ರಕ್ತಪರೀಕ್ಷೆಯನ್ನು ನಾವೂ ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಬಂದ ಫಲಿತಾಂಶವನ್ನು ಓದಬಲ್ಲೆವು, ಸಂಶಯವಿದ್ದರೆ ಮರಳಿಸಬಲ್ಲೆವು. ಆ ಬಲ್ಲವಿಕೆ ಕಚೇರಿಯೊಳಗೇ ಇರಬೇಕು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಅದು ಇತ್ತು. ಪಹಣಿಗಳನ್ನು ಗಣಕಕ್ಕೆ ಏರಿಸುವ ದುಡಿಮೆಯನ್ನು ಖಾಸಗಿಯವರಿಗೇ ಕೊಟ್ಟರು. ತಂತ್ರಾಂಶವನ್ನು ಮಾತ್ರ ಸರಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರಚಿಸಿತು. ಏರಿಸಿದ್ದನ್ನು ಕೈಬರಹದ ಮೂಲದೊಡನೆ ತಾಳೆ ನೋಡಿದವರು ಗ್ರಾಮಲೆಕ್ಕಿಗರು. ರೈತರಿಗೆ ಗ್ರಾಮಲೆಕ್ಕಿಗರ ಮೇಲೆ ಎಂತಹ ಪ್ರೀತಿಯಿತ್ತೆಂಬುದು ಊರಿನ ನೆನಪುಳ್ಳವರಿಗೆ ಗೊತ್ತು! ಆದರೂ ಯಾವ ಸರ್ವೆ ನಂಬರು ಯಾರದೆಂದು ಬಲ್ಲವರು ಅವರೇ.

1177ರ ಧ್ವನಿಮುದ್ರಣಗಳನ್ನು ಹಾಗೆ ತಾಳೆ ನೋಡುವ ಲೆಕ್ಕಿಗ ಆ ಮೂರು ಆಡಳಿತಗಳಲ್ಲಿ ಯಾರಿದ್ದರು? ಸಭೆಯಲ್ಲಿ ಇಂತಹ ಗುತ್ತಿಗೆ ಸಂಸ್ಥೆಗಳಲ್ಲೇ ದುಡಿಯುವ ಬಂಧುಗಳಿದ್ದರೆ, ಒಳಗಿನ ಸಂಗತಿಯನ್ನು ಅವರ ಬಾಯಿಂದಲೇ ಕೇಳಲು ಬಯಸುತ್ತೇವೆ.